ಸಮ್ಮೇಳನಕ್ಕೆ ಹೊರಡುವ ಮುನ್ನ



ನಾನು ಪದವಿ ಓದುತ್ತಿದ್ದಾಗ ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುವ ಅವಕಾಶ ಸಿಕ್ಕಿತ್ತು. ಎರಡು ತಿಂಗಳು ಕುಳಿತು ಬರೆದಿದ್ದೆ. ನಸುಕಿನಲ್ಲೇ ಮಧುಗಿರಿಯಲ್ಲಿ ಬಸ್ ಹತ್ತಿ ಒಂಬತ್ತೂವರೆಗೆ ಆ ಸಂಸ್ಥೆಯ ಗೇಟಿನ ಮುಂದೆ ನಿಂತೆ. ಸಂಕಿರಣ ಅಲ್ಲಿರಲಿಲ್ಲ. ಅದೇ ಸಂಸ್ಥೆಯ ಇನ್ನೊಂದು ಆವರಣದಲ್ಲಿತ್ತು. ಆಹ್ವಾನ ಪತ್ರದ ಕೊನೆಯ ಸಾಲಿನಲ್ಲಿ ಅದು ಸ್ಪಷ್ಟವಾಗಿಯೇ ಇತ್ತು, ಓದದವನು ನಾನು. ಎರಡು ಬಸ್ ಬದಲಿಸಿ ತಲುಪುವಷ್ಟರಲ್ಲಿ ನನ್ನ ಹೆಸರು ಕರೆದು ಮುಂದೆ ಹೋಗಿದ್ದರು. ರಾತ್ರಿ ಮನೆಗೆ ಬಂದಾಗ ಅಬ್ಬಾ "ಹೇಗಾಯ್ತು?" ಎಂದು ಕೇಳಿದರು. "ಚೆನ್ನಾಗಾಯ್ತು" ಎಂದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯಿಂದ ಹೋಗುವ ನೀವು ಅಂಥ ಉತ್ತರ ಹೇಳುವಂತಾಗಬಾರದು. ಅದಕ್ಕಾಗಿ ಈ ಪಾಠ.

1. ಸ್ಥಳ ಯಾವುದು?

ಸಂಸ್ಥೆಯ ಹೆಸರಷ್ಟೇ ಸಾಲದು, ಆವರಣದ ಹೆಸರು ಬೇಕು. ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಆರಂಭವಾಯಿತು. ಅದರ ಒಂದು ಆವರಣ ನಗರದೊಳಗೆ ಬಿ.ಎಚ್. ರಸ್ತೆಯಲ್ಲಿದೆ. ಜ್ಞಾನಸಿರಿ ಎಂಬ ಹೊಸ ಆವರಣ ನಗರದ ಹೊರಗೆ ಬಿದರಕಟ್ಟೆಯಲ್ಲಿದೆ.

ಬೆಂಗಳೂರಿನಲ್ಲಿ ಗೊಂದಲ ಇನ್ನೂ ಹೆಚ್ಚು. ಬೆಂಗಳೂರು ವಿಶ್ವವಿದ್ಯಾಲಯ ಇರುವುದು ಜ್ಞಾನಭಾರತಿಯಲ್ಲಿ. ಸೆಂಟ್ರಲ್ ಕಾಲೇಜು ಆವರಣದಲ್ಲಿರುವುದು ವಿಭಜನೆಯಾದ ಮೇಲೆ ಬಂದ ಬೆಂಗಳೂರು ನಗರ ವಿಶ್ವವಿದ್ಯಾಲಯ. 2020ರ ಜನವರಿಯಲ್ಲಿ 107ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆದ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಇವೆರಡರಿಂದಲೂ ದೂರ, ಬಳ್ಳಾರಿ ರಸ್ತೆಯಲ್ಲಿದೆ. ಆವರಣ, ಕಟ್ಟಡ, ಸಭಾಂಗಣ, ಗೇಟು ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪತ್ರದಲ್ಲಿ ಇಲ್ಲದಿದ್ದರೆ ಸಂಘಟಕರಿಗೆ ಫೋನ್ ಮಾಡಿ ಕೇಳಿ. ಕೇಳುವುದರಲ್ಲಿ ನಾಚಿಕೆ ಬೇಡ.

2. ಎಷ್ಟು ಹೊತ್ತಿಗೆ ಹೊರಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ತುಮಕೂರಿನಲ್ಲಿ ಹತ್ತಕ್ಕೆ ಉದ್ಘಾಟನೆ ಎಂದಿಟ್ಟುಕೊಳ್ಳಿ. ನೋಂದಣಿಗೆ ಒಂಬತ್ತೂಕಾಲಕ್ಕೆ ಅಲ್ಲಿರಬೇಕು. ಬಸ್ ನಿಲ್ದಾಣದಿಂದ ಸ್ಥಳಕ್ಕೆ ಅರ್ಧ ಗಂಟೆ ಕಳೆದರೆ, ಎಂಟೂಮುಕ್ಕಾಲಕ್ಕೆ ನಿಲ್ದಾಣದಲ್ಲಿ ಇಳಿದಿರಬೇಕು. ಕೊರಟಗೆರೆಯಿಂದ ತುಮಕೂರು ಸುಮಾರು 27 ಕಿ.ಮೀ., ಮಧುಗಿರಿಯಿಂದ 43, ಶಿರಾದಿಂದ 50, ಪಾವಗಡದಿಂದ ಸುಮಾರು 100 ಕಿ.ಮೀ. ಕೊರಟಗೆರೆಯವರು ಏಳೂವರೆಗೆ ಹೊರಟರೆ ಸಾಕು. ಮಧುಗಿರಿ, ಶಿರಾದವರು ಏಳಕ್ಕೇ ಬಸ್ಸಿನಲ್ಲಿರಬೇಕು. ಪಾವಗಡದವರು ಐದೂವರೆಯ ಹೊತ್ತಿಗೆ ಹೊರಡಬೇಕು, ಅಥವಾ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿಯಬೇಕು. ಪಾವಗಡದವರು ತಡವಾಗಿ ಬಂದರೆ ಅದನ್ನು ಸೋಮಾರಿತನ ಎನ್ನಬೇಡಿ. ಅವರ ದಾರಿಯೇ ಉದ್ದ.

ತುಮಕೂರಿನಿಂದ ಬೆಂಗಳೂರು ಇನ್ನೂ 70 ಕಿ.ಮೀ. ತುಮಕೂರಿನಲ್ಲಿ ರೈಲು ಹಿಡಿದು ಯಶವಂತಪುರಕ್ಕೆ ಹೋಗಬಹುದು. ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್‌ವರೆಗೂ ಟ್ರಾಫಿಕ್‌ನಲ್ಲಿ ಕೂರಬೇಕಿಲ್ಲ. 2024ರ ನವೆಂಬರ್‌ನಿಂದ ಮೆಟ್ರೋ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೂ ಬಂದಿದೆ. ಬಸ್ ಎಲ್ಲಿ ನಿಲ್ಲುತ್ತದೆ ಎಂದು ಕಂಡಕ್ಟರನ್ನು ಕೇಳಿ, ಹತ್ತಿರದ ಮೆಟ್ರೋ ನಿಲ್ದಾಣದ ಬಳಿ ಇಳಿಯಿರಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಗುವವರು ಯಶವಂತಪುರದಲ್ಲಿ ಇಳಿದು ಆಟೋ ಹಿಡಿಯಬಹುದು. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಸೆಂಟ್ರಲ್ ಕಾಲೇಜಿಗೂ ಜ್ಞಾನಭಾರತಿಗೂ ನಿಲ್ದಾಣಗಳಿವೆ. ಆದರೆ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಹತ್ತುವ ಮುನ್ನ ಫಲಕ ಓದಿ.

ಜಿಕೆವಿಕೆಗೆ ಹೋಗುವ ಮಧುಗಿರಿಯವರಿಗೆ ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕದ ದಾರಿಯೂ ಇದೆ. ಊರೊಳಗೆ ಹೋಗಿ ಹೊರಗೆ ಬರುವ ಸುತ್ತು ತಪ್ಪುತ್ತದೆ.

3. ಬ್ಯಾಗಿನಲ್ಲಿ ಏನಿರಬೇಕು?

ಕಾಲೇಜಿನ ಗುರುತಿನ ಚೀಟಿ, ಆಹ್ವಾನ ಪತ್ರದ ಮುದ್ರಿತ ಪ್ರತಿ, ಪ್ರಬಂಧದ ಎರಡು ಪ್ರತಿ, ನೀರು, ಸ್ವಲ್ಪ ಚಿಲ್ಲರೆ. ಪಿಪಿಟಿಯನ್ನು ಪೆನ್‌ಡ್ರೈವ್‌ನಲ್ಲೂ ಇಮೇಲ್‌ನಲ್ಲೂ ಇಟ್ಟುಕೊಳ್ಳಿ. ವಿದ್ಯಾರ್ಥಿನಿಯರು ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಮರೆಯಬೇಡಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಮಾತ್ರ. ಐಷಾರಾಮಿ ಬಸ್‌ಗೂ ಖಾಸಗಿ ಬಸ್‌ಗೂ ಇಲ್ಲ. ಹುಡುಗರೇ, ನಿಮ್ಮ ವಿದ್ಯಾರ್ಥಿ ಪಾಸ್ ಅದರಲ್ಲಿ ಬರೆದ ಮಾರ್ಗಕ್ಕಷ್ಟೇ. ಮುಂದಕ್ಕೆ ಟಿಕೆಟ್ ತೆಗೆದುಕೊಳ್ಳಿ.

ಪ್ರಾಂಶುಪಾಲರ ಅನುಮತಿ ಪತ್ರವನ್ನು ಮೊದಲೇ ಪಡೆಯಿರಿ. ಪಿಯು ಪರೀಕ್ಷೆಗೆ ಶೇ. 75 ಹಾಜರಾತಿ ಬೇಕು. ಬಂದ ಮೇಲೆ ಭಾಗವಹಿಸಿದ ಪ್ರಮಾಣಪತ್ರದ ಪ್ರತಿಯನ್ನು ಕಚೇರಿಗೆ ಕೊಡಿ.

4. ತಲುಪಿದ ಮೇಲೆ

ಮೊದಲು ನೋಂದಣಿ, ಆಮೇಲೆ ಸಭಾಂಗಣ ನೋಡಿ ಬರುವುದು, ಆಮೇಲೆ ಚಹಾ. ನಿಮ್ಮ ಗೋಷ್ಠಿಯ ಕೊಠಡಿ ಬದಲಾಗಿದೆಯೇ ಎಂದು ಸೂಚನಾ ಫಲಕ ನೋಡಿ. ಶುಕ್ರವಾರವಾದರೆ ಹತ್ತಿರದ ಮಸೀದಿ ಎಲ್ಲಿ, ನಿಮ್ಮ ಸರದಿ ಜುಮಾ ಹೊತ್ತಿಗೆ ಬರುತ್ತದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ. ಮೊದಲೇ ಹೇಳಿದರೆ ಸರದಿ ಹಿಂದೆ ಮುಂದೆ ಮಾಡಿಕೊಡುವುದು ಸಂಘಟಕರಿಗೆ ಸುಲಭ, ಕೊನೆಗಳಿಗೆಯಲ್ಲಿ ಕಷ್ಟ.

5. ವಾಪಸ್ ದಾರಿ

ಹೋಗುವಾಗಿನ ಲೆಕ್ಕ ಎಲ್ಲರೂ ಹಾಕುತ್ತಾರೆ, ಬರುವಾಗಿನದನ್ನು ಮರೆಯುತ್ತಾರೆ. ನಿಮ್ಮ ಊರಿಗೆ ಕೊನೆಯ ಬಸ್ ಯಾವ ಹೊತ್ತಿಗೆ ಎಂದು ಬೆಳಿಗ್ಗೆ ಇಳಿದ ತಕ್ಷಣ ನಿಲ್ದಾಣದಲ್ಲೇ ಕೇಳಿ. ಅದಕ್ಕಿಂತ ಒಂದು ಬಸ್ ಮೊದಲೇ ಹೊರಡಿ. ಮನೆಯವರಿಗೆ ಹೊರಟಾಗ ಒಮ್ಮೆ, ತುಮಕೂರು ದಾಟಿದಾಗ ಒಮ್ಮೆ ಫೋನ್ ಮಾಡಿ.

ಇಷ್ಟು ಮಾಡಿದರೆ ನಿಮ್ಮ ಪ್ರಬಂಧ ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ಹೆಸರು ಕರೆದಾಗ ನೀವು ಅಲ್ಲಿರುತ್ತೀರಿ. ಮನೆಯಲ್ಲಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. ನಾನು ಅಬ್ಬಾಗೆ ನಿಜ ಹೇಳಿದ್ದು ಆರು ವರ್ಷದ ಮೇಲೆ, ಈ ಕೆಲಸ ಸಿಕ್ಕ ದಿನ. ಅವರು ನಕ್ಕು, "ಆವತ್ತೇ ಗೊತ್ತಾಗಿತ್ತು" ಎಂದರು.