ಮಾತು ಕಡಿಮೆ, ಕೆಲಸ ಜಾಸ್ತಿ: ಕ್ಲೆಮೆಂಟ್ ಅಟ್ಲಿ ಎಂಬ ನಾಯಕ

ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಗ್ರೂಪ್ ಡಿಸ್ಕಷನ್ ಭಯವೂ ಜೊತೆಗೇ ಬರುತ್ತೆ. ಯಾರು ಮೊದಲು ಬಾಯಿ ತೆರೀತಾರೋ, ಯಾರು ಜೋರಾಗಿ ಮಾತಾಡ್ತಾರೋ ಅವರೇ ಲೀಡರ್ ಅನ್ನೋ ನಂಬಿಕೆ ನಮ್ಮಲ್ಲಿದೆ. ಫೆಸ್ಟ್ ಕಮಿಟಿ ಇರಲಿ, ಫೈನಲ್ ಇಯರ್ ಪ್ರಾಜೆಕ್ಟ್ ಟೀಮ್ ಇರಲಿ, ಇದೇ ಲೆಕ್ಕ. ಸುಮ್ಮನೆ ಕೂತು ಕೆಲಸ ಮಾಡೋ ಹುಡುಗ ಹುಡುಗಿಯರನ್ನು ಯಾರೂ ಲೀಡರ್ ಅಂತ ಕರೆಯೋದಿಲ್ಲ.

ಈ ನಂಬಿಕೆ ಎಷ್ಟು ಸರಿ ಅಂತ ನೋಡೋಕೆ ಒಬ್ಬ ಮನುಷ್ಯನ ಜೀವನ ಓದೋಣ. ಹೆಸರು ಕ್ಲೆಮೆಂಟ್ ಅಟ್ಲಿ. ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ, 1945ರಿಂದ 1951ರವರೆಗೆ ಪ್ರಧಾನಿ. ಪಿಯುಸಿ ಇತಿಹಾಸದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗುವ ಹೆಸರಿದು: ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟಾಗ ಅಲ್ಲಿ ಪ್ರಧಾನಿಯಾಗಿದ್ದವರು.

ಅವರ ಬಗ್ಗೆ ಲಂಡನ್ನಿನಲ್ಲಿ ಒಂದು ಜೋಕ್ ಓಡಾಡುತ್ತಿತ್ತು. ಖಾಲಿ ಟ್ಯಾಕ್ಸಿಯೊಂದು ಬಂದು ನಿಂತಿತಂತೆ, ಅದರಿಂದ ಅಟ್ಲಿ ಇಳಿದರಂತೆ! ಇದನ್ನು ಚರ್ಚಿಲ್ ಹೇಳಿದ್ದು ಅಂತ ಜನ ಹಬ್ಬಿಸಿದರು. ಚರ್ಚಿಲ್ ಕಿವಿಗೆ ಬಿದ್ದಾಗ ಅವರು ನಗಲಿಲ್ಲ, ತಾನು ಅಟ್ಲಿ ಬಗ್ಗೆ ಅಂಥ ಮಾತು ಆಡುವವನೇ ಅಲ್ಲ ಎಂದು ಖಡಾಖಂಡಿತವಾಗಿ ನಿರಾಕರಿಸಿದರು. ಯಾಕೆ ಅನ್ನೋದು ಮುಂದೆ ತಿಳಿಯುತ್ತೆ.

ವಕೀಲರ ಮಗ, ಬಡವರ ಬೀದಿ

ಅಟ್ಲಿ ಹುಟ್ಟಿದ್ದು 1883ರ ಜನವರಿ 3ರಂದು, ಲಂಡನ್ನಿನ ಪಟ್ನಿಯಲ್ಲಿ. ತಂದೆ ಅನುಕೂಲಸ್ಥ ವಕೀಲರು, ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಓದಿದ್ದು ಹೇಲಿಬರಿ ಶಾಲೆಯಲ್ಲಿ. ಆ ಶಾಲೆ ಇರುವ ಜಾಗದಲ್ಲೇ ಹಿಂದೆ ಈಸ್ಟ್ ಇಂಡಿಯಾ ಕಂಪನಿ ತನ್ನ ಅಧಿಕಾರಿಗಳನ್ನು ಭಾರತಕ್ಕೆ ತಯಾರು ಮಾಡುವ ಕಾಲೇಜು ನಡೆಸುತ್ತಿತ್ತು. ಕಂಪನಿಯ ಅಧಿಕಾರಿಗಳು ಕಲಿತ ನೆಲದಲ್ಲೇ ಬೆಳೆದ ಹುಡುಗ ಮುಂದೆ ಆ ಆಳ್ವಿಕೆಯ ಬಾಗಿಲು ಮುಚ್ಚಿದ್ದು ವಿಚಿತ್ರ ಅಲ್ವಾ?

ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ ಓದಿ, ಆಮೇಲೆ ವಕೀಲಿ ಮುಗಿಸಿದರು. ವಿದ್ಯಾರ್ಥಿಯಾಗಿದ್ದಾಗ ಅವರೇನೂ ಕ್ರಾಂತಿಕಾರಿ ಅಲ್ಲ, ಸಂಪ್ರದಾಯವಾದಿ ಹುಡುಗ. 1905ರಲ್ಲಿ ಲಂಡನ್ನಿನ ಪೂರ್ವ ಭಾಗದ ಸ್ಟೆಪ್ನಿ ಎಂಬಲ್ಲಿ, ತಮ್ಮ ಹಳೆಯ ಶಾಲೆ ನಡೆಸುತ್ತಿದ್ದ ಬಡ ಹುಡುಗರ ಕ್ಲಬ್ಬಿಗೆ ಸ್ವಯಂಸೇವಕರಾಗಿ ಹೋದರು. ಆಮೇಲೆ ಅಲ್ಲೇ ಮ್ಯಾನೇಜರ್ ಆಗಿ ಉಳಿದುಬಿಟ್ಟರು. ಹಡಗುಕಟ್ಟೆಯ ದಿನಗೂಲಿಗಳ ಮನೆಗಳನ್ನು ಹತ್ತಿರದಿಂದ ನೋಡಿದ ಮೇಲೆ ಅವರಿಗೆ ಒಂದು ವಿಷಯ ಹೊಳೆಯಿತು. ಬಡತನಕ್ಕೆ ಬಡವರ ಸೋಮಾರಿತನ ಕಾರಣವಲ್ಲ, ವ್ಯವಸ್ಥೆ ಕಾರಣ. ದಾನ ಮಾಡಿದರೆ ಇದು ಸರಿಹೋಗೋದಿಲ್ಲ, ಕಾನೂನು ಬೇಕು. 1908ರಲ್ಲಿ ಅವರು ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಸೇರಿದರು. ಅಂದರೆ ಪುಸ್ತಕ ಓದಿ ಸಮಾಜವಾದಿ ಆದವರಲ್ಲ, ಫೀಲ್ಡ್ ವರ್ಕ್ ಮಾಡಿ ಆದವರು.

ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಿ ಗ್ಯಾಲಿಪೊಲಿಯಲ್ಲಿ ಹೋರಾಡಿದರು. ಸುವ್ಲಾ ಕೊಲ್ಲಿಯಿಂದ ಸೈನ್ಯ ಹಿಂದೆ ಸರಿದಾಗ ಕಡೆಗೆ ಹೊರಟ ಇಬ್ಬರಲ್ಲಿ ಇವರೂ ಒಬ್ಬರು. 1916ರಲ್ಲಿ ಮೆಸೊಪೊಟೇಮಿಯಾದಲ್ಲಿ ಗಾಯಗೊಂಡರು. ಅದೇ ಯುದ್ಧದ ಅವಧಿಯಲ್ಲಿ ಅವರ ಅಣ್ಣ ಟಾಮ್, ಯುದ್ಧಕ್ಕೆ ಹೋಗುವುದಿಲ್ಲ ಎಂದು ಹೇಳಿ ಜೈಲು ಸೇರಿದ್ದರು.

ಯಾರೂ ಊಹಿಸದ ನಾಯಕ

ಯುದ್ಧ ಮುಗಿಸಿ ಬಂದ ಅಟ್ಲಿ 1919ರಲ್ಲಿ ಸ್ಟೆಪ್ನಿಯ ಮೇಯರ್ ಆದರು, 1922ರಲ್ಲಿ ಪಕ್ಕದ ಲೈಮ್‌ಹೌಸ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾದರು. 1931ರಲ್ಲಿ ಲೇಬರ್ ಪಕ್ಷಕ್ಕೆ ಸಿಡಿಲು ಬಡಿಯಿತು. ಪ್ರಧಾನಿಯಾಗಿದ್ದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಸ್ವಂತ ಪಕ್ಷವನ್ನು ಬಿಟ್ಟು ಎದುರಾಳಿಗಳ ಜೊತೆ ಸರ್ಕಾರ ಮಾಡಿದರು. ಆಮೇಲಿನ ಚುನಾವಣೆಯಲ್ಲಿ ಲೇಬರ್ ಸೀಟುಗಳು ಸುಮಾರು 50ಕ್ಕೆ ಕುಸಿದವು. ದೊಡ್ಡ ದೊಡ್ಡ ಹೆಸರುಗಳೆಲ್ಲ ಸೋತರು. ಅಟ್ಲಿ ಗೆದ್ದದ್ದು ಬರೀ 551 ಮತಗಳಿಂದ!

ಉಳಿದವರೇ ಕೆಲವರು, ಹಾಗಾಗಿ ಇವರು ಉಪನಾಯಕರಾದರು. ಸಂಸತ್ತಿನಲ್ಲಿ ಯಾವ ವಿಷಯ ಬಂದರೂ ಇವರೇ ಎದ್ದು ಉತ್ತರ ಕೊಡಬೇಕು, ಹಣಕಾಸಿನಿಂದ ಹಿಡಿದು ವಿದೇಶಾಂಗದವರೆಗೆ. 1935ರಲ್ಲಿ ನಾಯಕ ಲ್ಯಾನ್ಸ್‌ಬರಿ ರಾಜೀನಾಮೆ ಕೊಟ್ಟಾಗ ತಾತ್ಕಾಲಿಕ ನಾಯಕ ಎಂದು ಇವರನ್ನು ಕೂರಿಸಿದರು. ಚುನಾವಣೆ ಆದಮೇಲೆ ಪಕ್ಷದ ಸಂಸದರು ಮತ ಹಾಕಿದಾಗ, ಹೆಸರುವಾಸಿಯಾಗಿದ್ದ ಹರ್ಬರ್ಟ್ ಮಾರಿಸನ್ 48 ಮತ ಪಡೆದರೆ ಅಟ್ಲಿ 88 ಪಡೆದರು. ಆ ‘ತಾತ್ಕಾಲಿಕ’ ನಾಯಕತ್ವ 20 ವರ್ಷ ನಡೆಯಿತು. ಲೇಬರ್ ಪಕ್ಷವನ್ನು ಅಷ್ಟು ದೀರ್ಘಕಾಲ ನಡೆಸಿದವರು ಬೇರೆ ಯಾರೂ ಇಲ್ಲ.

1940ರಲ್ಲಿ ಹಿಟ್ಲರ್ ಸೈನ್ಯ ಮುನ್ನುಗ್ಗುತ್ತಿದ್ದಾಗ, ಚೇಂಬರ್ಲಿನ್ ಕೆಳಗೆ ಕೆಲಸ ಮಾಡುವುದಿಲ್ಲ ಎಂದು ಲೇಬರ್ ಪಕ್ಷ ಹೇಳಿತು. ಚರ್ಚಿಲ್ ಪ್ರಧಾನಿಯಾದರು, ಅಟ್ಲಿ ಅವರ ಸಮ್ಮಿಶ್ರ ಸರ್ಕಾರ ಸೇರಿ 1942ರಲ್ಲಿ ಉಪಪ್ರಧಾನಿಯಾದರು. ಚರ್ಚಿಲ್ ಭಾಷಣ ಮಾಡಿ ದೇಶಕ್ಕೆ ಧೈರ್ಯ ತುಂಬುತ್ತಿದ್ದರೆ, ಒಳಗೆ ಕಮಿಟಿಗಳನ್ನು ನಡೆಸಿ ಫೈಲುಗಳನ್ನು ಮುಗಿಸುತ್ತಿದ್ದವರು ಇವರು. ಖಾಲಿ ಟ್ಯಾಕ್ಸಿ ಜೋಕಿಗೆ ಚರ್ಚಿಲ್ ಯಾಕೆ ಸಿಟ್ಟಾದರು ಅಂತ ಈಗ ಗೊತ್ತಾಯ್ತಲ್ಲ.

1945ರ ಚುನಾವಣೆಯಲ್ಲಿ ಯುದ್ಧ ಗೆದ್ದ ಚರ್ಚಿಲ್ಲೇ ಮತ್ತೆ ಬರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅಟ್ಲಿ ಪ್ರಚಾರಕ್ಕೆ ಹೋಗುತ್ತಿದ್ದದ್ದು ಮನೆಯ ಸಣ್ಣ ಕಾರಿನಲ್ಲಿ, ಓಡಿಸುತ್ತಿದ್ದವರು ಪತ್ನಿ ವಯಲೆಟ್. ಜುಲೈ 26ರಂದು ಎಣಿಕೆ ಮುಗಿದಾಗ ಲೇಬರ್ ಪಕ್ಷಕ್ಕೆ 393 ಸೀಟು!

ಟೀಮ್ ನಡೆಸಿದ ರೀತಿ

ಅಟ್ಲಿಯ ಮಂತ್ರಿಮಂಡಲವನ್ನು ಒಮ್ಮೆ ನೋಡಿ. ವಿದೇಶಾಂಗಕ್ಕೆ ಅರ್ನೆಸ್ಟ್ ಬೆವಿನ್, ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ದುಡಿದು ಸಾರಿಗೆ ಕಾರ್ಮಿಕರ ಸಂಘ ಕಟ್ಟಿದವರು. ಆರೋಗ್ಯಕ್ಕೆ ಅನ್ಯೂರಿನ್ ಬೆವನ್, 13ನೇ ವಯಸ್ಸಿಗೆ ಕಲ್ಲಿದ್ದಲು ಗಣಿಗೆ ಇಳಿದವರು, ಯುದ್ಧದುದ್ದಕ್ಕೂ ಸರ್ಕಾರವನ್ನು ಟೀಕಿಸಿದ ಬಂಡಾಯಗಾರ. (ಎರಡು ಹೆಸರೂ ಒಂದೇ ಥರ ಇದೆ, ಪರೀಕ್ಷೆಯಲ್ಲಿ ಅದಲುಬದಲು ಮಾಡ್ಕೋಬೇಡಿ!) ಜೊತೆಗೆ ಮಾರಿಸನ್, ಡಾಲ್ಟನ್, ಕ್ರಿಪ್ಸ್. ಒಬ್ಬೊಬ್ಬರೂ ಅಟ್ಲಿಗಿಂತ ಚೆನ್ನಾಗಿ ಮಾತಾಡುವವರು, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗೋದಿಲ್ಲ. ಇಂಥ ಟೀಮ್ ಇಟ್ಟುಕೊಂಡು ಕೆಲಸ ತೆಗೆಯೋದು ಹೇಗೆ?

ಅಟ್ಲಿ ಸಭೆಯಲ್ಲಿ ಕಾಗದದ ಮೇಲೆ ಗೀಚುತ್ತಾ ಕೂರುತ್ತಿದ್ದರು. ಎಲ್ಲರ ಮಾತು ಕೇಳಿ, ಕೊನೆಗೆ ಎರಡೇ ವಾಕ್ಯದಲ್ಲಿ ತೀರ್ಮಾನ ಹೇಳಿ ಮುಂದಿನ ವಿಷಯಕ್ಕೆ ಹೋಗುತ್ತಿದ್ದರು. ಪ್ರಜಾಪ್ರಭುತ್ವ ಅಂದರೆ ಚರ್ಚೆಯಿಂದ ನಡೆಯುವ ಆಡಳಿತ ನಿಜ, ಆದರೆ ಚರ್ಚೆಯನ್ನು ನಿಲ್ಲಿಸಲು ಬಂದರೆ ಮಾತ್ರ ಅದು ಕೆಲಸ ಮಾಡುತ್ತದೆ ಎಂಬುದು ಅವರ ಅಭಿಪ್ರಾಯ.

1947ರ ಸೆಪ್ಟೆಂಬರ್‌ನ ಒಂದು ಘಟನೆ ಕೇಳಿ. ದೇಶದ ಆರ್ಥಿಕತೆ ನೆಲಕಚ್ಚಿತ್ತು. ಅಟ್ಲಿಯನ್ನು ಇಳಿಸಿ ಬೆವಿನ್ ಅವರನ್ನು ಪ್ರಧಾನಿ ಮಾಡಬೇಕೆಂದು ಕೆಲವು ಮಂತ್ರಿಗಳು ಲೆಕ್ಕ ಹಾಕಿದರು. ಕ್ರಿಪ್ಸ್ ನೇರವಾಗಿ ಅಟ್ಲಿ ಹತ್ತಿರ ಹೋಗಿ, ನೀವು ಜಾಗ ಬಿಡಿ ಅಂದೇಬಿಟ್ಟರು. ಅಟ್ಲಿ ಕೂಗಾಡಲಿಲ್ಲ. ಫೋನ್ ಎತ್ತಿ ಬೆವಿನ್ ಅವರನ್ನೇ ಕೇಳಿದರು, ನಿಮಗೆ ಈ ಹುದ್ದೆ ಬೇಕಾ ಅಂತ. ಬೆವಿನ್ ಬೇಡ ಅಂದರು. ಅಲ್ಲಿಗೆ ದಂಗೆ ಮುಗಿಯಿತು. ಕ್ರಿಪ್ಸ್‌ಗೆ ಶಿಕ್ಷೆಯೂ ಇಲ್ಲ. ಆರ್ಥಿಕತೆ ಬಗ್ಗೆ ಅಷ್ಟು ಚಿಂತೆ ಇದ್ದರೆ ನೀವೇ ನೋಡಿಕೊಳ್ಳಿ ಎಂಬಂತೆ ಅದಕ್ಕೇ ಒಂದು ಹೊಸ ಖಾತೆ ಮಾಡಿ ಅವರ ಕೈಗೆ ಕೊಟ್ಟರು!

ಆರು ವರ್ಷದ ಕೆಲಸ

ಆಗ ಬ್ರಿಟನ್ ಅಂದರೆ ಯುದ್ಧ ಗೆದ್ದು ದಿವಾಳಿಯಾದ ದೇಶ. ಅಮೆರಿಕದಿಂದ 375 ಕೋಟಿ ಡಾಲರ್ ಸಾಲ ತಂದರು, ಅದರ ಕೊನೆಯ ಕಂತು ತೀರಿದ್ದು 2006ರಲ್ಲಿ. ಯುದ್ಧದ ಕಾಲದಲ್ಲೂ ಇಲ್ಲದಿದ್ದ ಬ್ರೆಡ್ ರೇಷನ್ 1946ರಲ್ಲಿ ಬಂತು. 1947ರ ಚಳಿಗಾಲದಲ್ಲಿ ಕಲ್ಲಿದ್ದಲು ಸಾಲದೆ ಕರೆಂಟ್ ಹೋಯಿತು. ಇಷ್ಟರ ನಡುವೆಯೇ ಬ್ಯಾಂಕ್ ಆಫ್ ಇಂಗ್ಲೆಂಡ್, ಕಲ್ಲಿದ್ದಲು, ರೈಲ್ವೆ, ವಿದ್ಯುತ್, ಗ್ಯಾಸ್ ಒಂದೊಂದಾಗಿ ರಾಷ್ಟ್ರೀಕರಣವಾದವು.

ಎಲ್ಲಕ್ಕಿಂತ ದೊಡ್ಡದು ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್. 1948ರ ಜುಲೈ 5ರಿಂದ ಬ್ರಿಟನ್ನಿನಲ್ಲಿ ಯಾರೇ ಡಾಕ್ಟರ್ ಹತ್ತಿರ ಹೋದರೂ ಬಿಲ್ ಇಲ್ಲ, ಖರ್ಚು ತೆರಿಗೆ ಹಣದಿಂದ. ವೈದ್ಯರ ಸಂಘ ಜೋರಾಗಿ ವಿರೋಧಿಸಿತು, ಬೆವನ್ ಹಟ ಹಿಡಿದು ಮಾಡಿಸಿದರು. ಹೆಸರು ಬೆವನ್‌ಗೆ ಹೋಯಿತು, ಇವತ್ತಿಗೂ ಹೋಗುತ್ತದೆ. ಆದರೆ ಆ ಬಂಡಾಯಗಾರನನ್ನು ಆ ಕುರ್ಚಿಗೆ ಆರಿಸಿದವರು ಅಟ್ಲಿ.

ಅವರು ಮಾಡಿದ್ದೆಲ್ಲ ಬೆಳಕಿನಲ್ಲಿ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ ಸ್ವಂತ ಅಣುಬಾಂಬ್ ಮಾಡಬೇಕೆಂದು 1947ರ ಜನವರಿಯಲ್ಲಿ ತೀರ್ಮಾನಿಸಿದ್ದು ಕೆಲವೇ ಮಂತ್ರಿಗಳ ಗುಟ್ಟಿನ ಸಮಿತಿ. ಪೂರ್ತಿ ಮಂತ್ರಿಮಂಡಲದ ಮುಂದೆ ಅದು ಬರಲೇ ಇಲ್ಲ. ಮಾತು ಕಡಿಮೆ ಅನ್ನೋದು ಕೆಲವೊಮ್ಮೆ ಮುಚ್ಚುಮರೆಯೂ ಆಗಬಹುದು.

ಭಾರತ: ಸಾಲವೂ ಇದೆ, ದೂರೂ ಇದೆ

ಅಟ್ಲಿ ಭಾರತಕ್ಕೆ ಮೊದಲು ಬಂದದ್ದು 1928ರಲ್ಲಿ, ನಾವೆಲ್ಲ ಓದಿರುವ ಸೈಮನ್ ಆಯೋಗದ ಸದಸ್ಯರಾಗಿ. ಹೌದು, ‘ಸೈಮನ್ ಗೋ ಬ್ಯಾಕ್’ ಎಂದು ಕಪ್ಪು ಬಾವುಟ ತೋರಿಸಿದ್ದು ಅಟ್ಲಿಗೂ ಸೇರಿಯೇ! ಏಳು ಜನರಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಆ ಪ್ರವಾಸ ಅವರಿಗೆ ಪಾಠವಾಯಿತು. ಆಮೇಲೆ ಸಂಸತ್ತಿನಲ್ಲಿ 1935ರ ಭಾರತ ಸರ್ಕಾರ ಕಾಯ್ದೆ ಚರ್ಚೆಗೆ ಬಂದಾಗ, ಇದರಲ್ಲಿ ಡೊಮಿನಿಯನ್ ಸ್ಥಾನದ ಮಾತೇ ಇಲ್ಲವಲ್ಲ ಎಂದು ಟೀಕಿಸಿದರು.

ಪ್ರಧಾನಿಯಾದ ಮೇಲೆ 1946ರಲ್ಲಿ ಕ್ಯಾಬಿನೆಟ್ ಮಿಷನ್ ಕಳಿಸಿದರು. ಒಪ್ಪಂದ ಆಗಲಿಲ್ಲ. 1947ರ ಫೆಬ್ರವರಿ 20ರಂದು, 1948ರ ಜೂನ್ ಒಳಗೆ ಬ್ರಿಟಿಷರು ಭಾರತ ಬಿಡುತ್ತಾರೆ ಎಂದು ಘೋಷಿಸಿದರು. ಡೆಡ್‌ಲೈನ್ ಇಟ್ಟರೆ ಎಲ್ಲರೂ ಮಾತುಕತೆಗೆ ಬಗ್ಗುತ್ತಾರೆ ಎಂಬ ಲೆಕ್ಕ. ಮೌಂಟ್‌ಬ್ಯಾಟನ್ ಬಂದು ಅದನ್ನು 1947ರ ಆಗಸ್ಟ್‌ಗೆ ಎಳೆದರು, ಅಟ್ಲಿ ಸರ್ಕಾರ ಒಪ್ಪಿತು. ಗಡಿ ಎಳೆಯಲು ರ‍್ಯಾಡ್‌ಕ್ಲಿಫ್‌ಗೆ ಸಿಕ್ಕಿದ್ದು ಸುಮಾರು ಐದು ವಾರ, ಅವರು ಅದಕ್ಕೂ ಮುಂಚೆ ಭಾರತವನ್ನೇ ನೋಡಿರಲಿಲ್ಲ. ಗಡಿ ಪ್ರಕಟವಾದದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದ ಎರಡು ದಿನದ ಮೇಲೆ. ಕೋಟಿಗೂ ಹೆಚ್ಚು ಜನ ಮನೆಮಠ ಬಿಟ್ಟರು, ಲಕ್ಷಾಂತರ ಜನ ಸತ್ತರು.

ನಮ್ಮ ನಾಡಿಗೂ ಆ ಅವಸರದ ಬಿಸಿ ತಟ್ಟಿತು. ಆ ಕಾಯ್ದೆ ರಾಜಸಂಸ್ಥಾನಗಳ ಮೇಲಿದ್ದ ಬ್ರಿಟಿಷ್ ಹಿಡಿತ ತೆಗೆಯಿತೇ ಹೊರತು ಅಲ್ಲಿನ ಜನರ ಕೈಗೆ ಅಧಿಕಾರ ಕೊಡಲಿಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಆಗಸ್ಟ್ 15ರ ನಂತರವೂ ‘ಮೈಸೂರು ಚಲೋ’ ನಡೆಯಬೇಕಾಯಿತು. ನಿಜಾಮನ ಕೈಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರಿನ ಜನ 1948ರ ಸೆಪ್ಟೆಂಬರ್ 17ರವರೆಗೆ ಕಾದರು.

ಹಾಗಾದರೆ ಅಟ್ಲಿ ಒಳ್ಳೆಯವರೋ ಕೆಟ್ಟವರೋ? ಚರ್ಚಿಲ್ ಗೆದ್ದಿದ್ದರೆ ಸ್ವಾತಂತ್ರ್ಯ ಇನ್ನೂ ತಡವಾಗುತ್ತಿತ್ತು ಎಂದು ನಂಬಲು ಕಾರಣಗಳಿವೆ. ಹೊರಡುವ ತೀರ್ಮಾನ ಸರಿ ಇತ್ತು, ಹೊರಟ ರೀತಿಗೆ ಜನ ಬೆಲೆ ತೆತ್ತರು. ಡಿಸೈನ್ ಸರಿ ಇದ್ದರೂ ಟೆಸ್ಟಿಂಗ್‌ಗೆ ಸಮಯ ಕೊಡದೆ ರಿಲೀಸ್ ಮಾಡಿದರೆ ಏನಾಗುತ್ತೆ ಅಂತ ನಮಗೆ ಗೊತ್ತು. ಇಲ್ಲಿ ಕೆಟ್ಟದ್ದು ಕೋಡ್ ಅಲ್ಲ, ಮನುಷ್ಯರ ಬದುಕು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳೋದೇ ಇತಿಹಾಸ ಓದುವ ಸರಿಯಾದ ಕ್ರಮ ಅಂತ ನನಗನ್ನಿಸುತ್ತೆ.

ಕೊನೆಗೆ

1951ರಲ್ಲಿ ಕನ್ನಡಕಕ್ಕೂ ಹಲ್ಲಿನ ಸೆಟ್ಟಿಗೂ ಶುಲ್ಕ ಹಾಕಿದ್ದಕ್ಕೆ ಬೆವನ್ ರಾಜೀನಾಮೆ ಕೊಟ್ಟರು, ಪಕ್ಷ ಒಡೆದ ಮನೆಯಾಯಿತು. ಅಕ್ಟೋಬರ್‌ನ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಕನ್ಸರ್ವೇಟಿವ್ ಪಕ್ಷಕ್ಕಿಂತ ಹೆಚ್ಚು ಮತ ಬಂತು, ಆದರೆ ಸೀಟು ಕಡಿಮೆ! ಅಟ್ಲಿ ಸುಮ್ಮನೆ ಇಳಿದರು. 1955ರಲ್ಲಿ ಪಕ್ಷದ ನಾಯಕತ್ವವನ್ನೂ ಬಿಟ್ಟರು, 1967ರ ಅಕ್ಟೋಬರ್ 8ರಂದು ತೀರಿಕೊಂಡರು. 2004ರಲ್ಲಿ ಬ್ರಿಟನ್ನಿನ 139 ವಿದ್ವಾಂಸರನ್ನು 20ನೇ ಶತಮಾನದ ಅತ್ಯುತ್ತಮ ಪ್ರಧಾನಿ ಯಾರು ಅಂತ ಕೇಳಿದಾಗ ಚರ್ಚಿಲ್ ಎರಡನೇ ಸ್ಥಾನಕ್ಕೆ ಬಂದರು. ಮೊದಲನೆಯವರು ಆ ‘ಖಾಲಿ ಟ್ಯಾಕ್ಸಿ’ಯವರು.

ಮುಂದಿನ ಸಲ ಪ್ರಾಜೆಕ್ಟ್ ಟೀಮಿಗೆ ಲೀಡರ್ ಆರಿಸುವಾಗ ಮೂಲೆಯಲ್ಲಿ ಕೂತು ಎಲ್ಲರ ಮಾತು ಕೇಳುತ್ತಿರುವವರ ಕಡೆಗೂ ಒಮ್ಮೆ ನೋಡಿ. ಆ ಮೂಲೆಯಲ್ಲಿ ಕೂತಿರೋದು ನೀವೇ ಆಗಿದ್ದರೆ, ಇನ್ನೊಬ್ಬರ ಹಾಗೆ ಜೋರಾಗಿ ಮಾತಾಡೋಕೆ ಕಲೀಬೇಕಿಲ್ಲ. ಕೇಳಿ, ತೀರ್ಮಾನ ಮಾಡಿ, ಮುಗಿಸಿ. ಆದರೆ ಮುಗಿಸುವ ಅವಸರದಲ್ಲಿ ಯಾರಿಗೆ ಪೆಟ್ಟು ಬೀಳುತ್ತೆ ಅನ್ನೋದನ್ನು ಮಾತ್ರ ಮೊದಲೇ ಯೋಚಿಸಿ.