ಔಷಧಿ ಹೊಡೆದ ಹೊಲದ ಹುಲ್ಲು: ಹಸುವಿನ ಜೀವಕ್ಕೆ ಕುತ್ತು



ಕಳೆದ ವರ್ಷ ಒಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಫೋನ್ ಬಂತು. “ಡಾಕ್ಟ್ರೇ, ಎರಡೂ ಹಸು ನಡುಗ್ತಾ ಇವೆ, ಜೊಲ್ಲು ನಿಲ್ತಾ ಇಲ್ಲ.” ಮಧ್ಯಾಹ್ನ ಆ ಅಕ್ಕ ಪಕ್ಕದವರ ಟೊಮೆಟೊ ತೋಟದ ಬದುವಿನಿಂದ ಹುಲ್ಲು ಕೊಯ್ದು ಹಾಕಿದ್ದರು. ತೋಟಕ್ಕೆ ಬೆಳಿಗ್ಗೆ ಮೊನೊಕ್ರೋಟೋಫಾಸ್ ಹೊಡೆದದ್ದು ಅವರಿಗೆ ತಿಳಿದಿರಲಿಲ್ಲ. ಒಂದು ಹಸುವಿಗೆ ಯಾರೋ ಗೊಟ್ಟದಲ್ಲಿ ಎಣ್ಣೆ ಕುಡಿಸಿದ್ದರು. ಅದು ಶ್ವಾಸಕೋಶಕ್ಕೆ ಇಳಿದು ಆ ಹಸು ಉಳಿಯಲಿಲ್ಲ. ಇನ್ನೊಂದು ಚುಚ್ಚುಮದ್ದಿನಿಂದ ಬದುಕಿತು.

ವಿಷ ಮಾಡುವುದೇನು?

ಮೊನೊಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಇವೆಲ್ಲ ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು. ನರದ ಸಂದೇಶ ಮುಟ್ಟಿದ ಮೇಲೆ ಅದನ್ನು ನಿಲ್ಲಿಸಲು ದೇಹದಲ್ಲಿ ಒಂದು ಕಿಣ್ವವಿದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸ್ವಿಚ್ ಆರಿಸಲಾಗದೆ ಪಂಪ್‌ಸೆಟ್ ಓಡುತ್ತಲೇ ಇದ್ದಂತೆ, ನರ, ಸ್ನಾಯು, ಗ್ರಂಥಿಗಳು ಬಿಡುವಿಲ್ಲದೆ ಕೆಲಸ ಮಾಡಿ ಕೊನೆಗೆ ಉಸಿರಾಟ ನಿಲ್ಲುತ್ತದೆ.

ಮೊನೊಕ್ರೋಟೋಫಾಸನ್ನು ತರಕಾರಿಗೆ ಬಳಸುವುದನ್ನು 2005ರಲ್ಲೇ ನಿಷೇಧಿಸಲಾಗಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಶೇ. 36ರ ದ್ರಾವಣವನ್ನೂ ನಿಷೇಧಿಸಿತು. ಆದರೂ ಹಳೆಯ ಬಾಟಲಿ ಮನೆಯ ಮೂಲೆಯಲ್ಲಿ ಉಳಿದಿರಬಹುದು, ನೋಡಿಕೊಳ್ಳಿ.

ಲಕ್ಷಣಗಳು

• ಬಾಯಿಂದ ಜೊಲ್ಲು, ಕಣ್ಣಲ್ಲಿ ನೀರು
• ಪದೇ ಪದೇ ತೆಳು ಸಗಣಿ, ಗಂಜಲ
• ಕಣ್ಣಿನ ಪಾಪೆ ಚಿಕ್ಕದಾಗುವುದು
• ಮೈ ನಡುಕ, ತೂರಾಟ, ಹೊಟ್ಟೆ ಉಬ್ಬರ
• ಏದುಸಿರು

ತಕ್ಷಣ ಮಾಡಬೇಕಾದದ್ದು

• ಮೇವು, ನೀರು ತೆಗೆದುಬಿಡಿ. ಹಸುವನ್ನು ನೆರಳಿಗೆ ಕಟ್ಟಿ.
• ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಅಟ್ರೋಪಿನ್ ಚುಚ್ಚುಮದ್ದು ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು.
• ಎಣ್ಣೆ, ಮಜ್ಜಿಗೆ, ಬೆಲ್ಲದ ನೀರು ಯಾವುದನ್ನೂ ಗೊಟ್ಟದಲ್ಲಿ ಹಾಕಬೇಡಿ. ನಡುಗುವ ಹಸು ಸರಿಯಾಗಿ ನುಂಗಲಾರದು.
• ಮೈಮೇಲೆ ಔಷಧಿ ಬಿದ್ದಿದ್ದರೆ ಕೈಗವಸು ಹಾಕಿಕೊಂಡು ಸೋಪು ನೀರಿನಲ್ಲಿ ತೊಳೆಯಿರಿ.
• ಔಷಧಿಯ ಬಾಟಲಿ, ಉಳಿದ ಹುಲ್ಲು ಎತ್ತಿಡಿ, ವೈದ್ಯರಿಗೆ ತೋರಿಸಿ.
• ವೈದ್ಯರು ಹೇಳುವವರೆಗೆ ಆ ಹಾಲನ್ನು ಡೇರಿಗೂ ಹಾಕಬೇಡಿ, ಕರುವಿಗೂ ಮಕ್ಕಳಿಗೂ ಕೊಡಬೇಡಿ.
• ಹಸು ಸತ್ತರೆ ವೈದ್ಯರು ನೋಡುವ ಮುನ್ನ ಹೂಳಬೇಡಿ. ವಿಮೆಗೆ ಮರಣೋತ್ತರ ಪರೀಕ್ಷೆಯ ವರದಿ ಬೇಕಾಗುತ್ತದೆ.

ಮುನ್ನೆಚ್ಚರಿಕೆ

ಬೇರೆಯವರ ಬದುವಿನಲ್ಲಿ ಹುಲ್ಲು ಕೊಯ್ಯುವ ಮುನ್ನ “ಔಷಧಿ ಯಾವಾಗ ಹೊಡೆದಿರಿ?” ಎಂದು ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಲೇಬಲ್‌ನಲ್ಲಿ ಬರೆದಷ್ಟು ದಿನ ಕಳೆಯದೆ ಆ ಹೊಲದ ಸೊಪ್ಪು, ಕಡ್ಡಿ, ಹುಲ್ಲು ಹಾಕಬೇಡಿ. ಕೆಂಪು ತ್ರಿಕೋನದ ಗುರುತಿದ್ದರೆ ಅದು ಅತಿ ತೀವ್ರ ವಿಷ. ಉಣ್ಣೆ, ಹೇನಿಗೆಂದು ಬೆಳೆಯ ಔಷಧಿಯನ್ನು ಹಸುವಿನ ಮೈಗೆ ಹಚ್ಚಲೇಬೇಡಿ. ಸ್ಪ್ರೇ ಟ್ಯಾಂಕನ್ನು ನೀರಿನ ತೊಟ್ಟಿಯ ಬಳಿ ತೊಳೆಯಬೇಡಿ. ಔಷಧಿ ಹೊಡೆದ ಬಟ್ಟೆ ಒಗೆದ ಮೇಲೆ ಕೈಗೆ ಸೋಪು ಹಾಕಿ ತೊಳೆದೇ ಹಾಲು ಕರೆಯಿರಿ.

ಖಾಲಿ ಡಬ್ಬವನ್ನು ಎಷ್ಟು ತೊಳೆದರೂ ಮನೆಗೆ ಬಳಸಬೇಡಿ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಅಡುಗೆ ಎಣ್ಣೆಯಲ್ಲಿ ಸೇರಿದ್ದದ್ದು ಇದೇ ಮೊನೊಕ್ರೋಟೋಫಾಸ್. ತೂತು ಮಾಡಿ, ಜಜ್ಜಿ, ನೀರಿನ ಸೆಲೆಯಿಂದ ದೂರ ಹೂತುಬಿಡಿ.

ಆ ಅಕ್ಕ ಈಗಲೂ ಡೇರಿಗೆ ಹಾಲು ಹಾಕುತ್ತಾರೆ. ಹುಲ್ಲು ತರುವ ಮುನ್ನ ಕೇಳುತ್ತಾರೆ, ಉಳಿದವರಿಗೂ ಹೇಳುತ್ತಾರೆ. ನೀವೂ ನಿಮ್ಮ ಸಂಘದ ಸಭೆಯಲ್ಲಿ ಈ ಮಾತು ಎತ್ತಿ.