ಮಾನವಶಾಸ್ತ್ರ: ತಿರುಮಕೂಡಲಿನ ಅಸ್ಥಿಗಳಿಂದ ರಾಂಪುರದವರೆಗೆ

ಮನುಷ್ಯನ ದೇಹರಚನೆ, ವಂಶವಾಹಿ ಹಾಗೂ ವಿಕಾಸವನ್ನು ಪರಿಶೀಲಿಸುವ ಜೈವಿಕ ಮಾನವಶಾಸ್ತ್ರವನ್ನೂ, ಅವನ ನಂಟಸ್ತಿಕೆ, ನಂಬಿಕೆ, ಜೀವನೋಪಾಯಗಳನ್ನು ಅರಿಯುವ ಸಾಂಸ್ಕೃತಿಕ ಮಾನವಶಾಸ್ತ್ರವನ್ನೂ ಒಂದೇ ಜ್ಞಾನಶಾಖೆಯ ಎರಡು ಮುಖಗಳೆಂದು ತಿಳಿಯಬೇಕು. ನಂಜನಗೂಡನ್ನು ದಾಟಿ ಬರುವ ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲು ನರಸೀಪುರದ (ತಿ. ನರಸೀಪುರ) ಸೀಮೆ ಇವೆರಡಕ್ಕೂ ಸಾಕ್ಷ್ಯ ಒದಗಿಸುತ್ತದೆ.

ಪುರಾತತ್ತ್ವಜ್ಞ ಎಂ. ಶೇಷಾದ್ರಿಯವರು 1960ರ ದಶಕದ ಆಸುಪಾಸಿನಲ್ಲಿ ಇಲ್ಲಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ, ಅಂದರೆ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಕಾಲದ, ಮಾನವ ಸಮಾಧಿಗಳೂ ಸುಟ್ಟ ಮಣ್ಣಿನ ತಲೆಯಾನಿಕೆಗಳೂ ದೊರೆತವು. ಅಸ್ಥಿಯು ಸತ್ತವರ ವಯಸ್ಸು ಮತ್ತು ಲಿಂಗವನ್ನು ಸೂಚಿಸಬಲ್ಲದಾದರೆ, ಹೂಳಿದ ರೀತಿಯು ಬದುಕುಳಿದವರ ಆಚಾರವನ್ನು ಸೂಚಿಸುತ್ತದೆ; ಆದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಅಪೂರ್ಣ ಅಧ್ಯಯನವೇ ಸರಿ.

ಸಾಂಸ್ಕೃತಿಕ ಮುಖಕ್ಕೆ ಬಂದರೆ, ಇದೇ ಭಾಗದ ಬನ್ನೂರು ಸೀಮೆಯ ಕೊಡಗಹಳ್ಳಿಯಲ್ಲಿ 1948ರಲ್ಲಿ ನೆಲೆಸಿ, ಅದಕ್ಕೆ 'ರಾಂಪುರ' ಎಂಬ ಕಲ್ಪಿತ ಹೆಸರಿಟ್ಟು ಅಧ್ಯಯನ ಮಾಡಿದ ಸಾಮಾಜಿಕ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು, ಸಂಖ್ಯಾಬಲ, ಭೂಒಡೆತನ ಮತ್ತು ರಾಜಕೀಯ ಪ್ರಭಾವಗಳಿಂದ ಊರನ್ನು ನಡೆಸುವ ಜಾತಿಯನ್ನು 'ಪ್ರಬಲ ಜಾತಿ' ಎಂದು ಕರೆದರು. ಜನರ ನಡುವೆ ಬಾಳುತ್ತಲೇ ಗಮನಿಸುವ ಈ ವಿಧಾನಕ್ಕೆ ಸಹಭಾಗಿ ಅವಲೋಕನ ಎಂದು ಹೆಸರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದ ಮೇಲೆ ಬಹುಮಟ್ಟಿಗೆ ನೆನಪಿನ ಬಲದಿಂದಲೇ ರಚಿತವಾದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಯಿತು.

ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರುವುದನ್ನು ಸೂಚಿಸುವ 'ಸಂಸ್ಕೃತೀಕರಣ' ಪರಿಕಲ್ಪನೆ ಮಾತ್ರ ಶ್ರೀನಿವಾಸರ 1952ರ ಕೊಡವರ ಕುರಿತ ಗ್ರಂಥದ್ದು. ಪರೀಕ್ಷಾರ್ಥಿಗಳು ಇದನ್ನು ರಾಂಪುರಕ್ಕೆ ಜೋಡಿಸಬಾರದು. ಮಾನವಶಾಸ್ತ್ರದ ಈ ಎರಡೂ ಮುಖಗಳ ಅಧ್ಯಯನಕ್ಕಾಗಿ 1945ರಲ್ಲಿ ಸ್ಥಾಪಿತವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ.